ಲೆಕ್ಕಕ್ಕೆ ಬಾರದ ಇರುಳು: ಶಹಾಡ್–ಕಲ್ಯಾಣ ಸೀಮೆಯ ಕಾಲೇಜು ಅಧ್ಯಾಪಕರು ಮತ್ತು ಪುನಶ್ಚೇತನ ಶಿಬಿರ

ಮುಂಬಯಿಯ ಕಾಲೇಜು ಅಧ್ಯಾಪಕರನ್ನು ಕುರಿತು ಬರೆಯುವವರು ಫಿಲಿಪ್ ಆಲ್ಟ್‌ಬಾಕ್ ಅವರನ್ನು ಎದುರುಗೊಳ್ಳದೆ ಮುಂದೆ ಹೋಗುವಂತಿಲ್ಲ. ಸುಮಾ ಚಿಟ್ನಿಸ್ ಅವರ ಜೊತೆಗೂಡಿ ಅವರು ಸಂಪಾದಿಸಿದ, ಭಾರತದ ಅಧ್ಯಾಪಕ ವೃತ್ತಿಯನ್ನು ಕುರಿತ ಸಂಪುಟ 1979ರಲ್ಲಿ ಹೊರಬಂತು. ಅದರಲ್ಲಿನ ತಮ್ಮ ಲೇಖನಕ್ಕೆ ಆಲ್ಟ್‌ಬಾಕ್ ಇಟ್ಟ ಹೆಸರಿನಲ್ಲಿ ಮುಂಬಯಿಯ ಅಧ್ಯಾಪಕ ‘ವಿರೂಪಗೊಂಡ ಗುರು’. ಪಠ್ಯಕ್ರಮವೂ ಪರೀಕ್ಷೆಯೂ ವಿಶ್ವವಿದ್ಯಾಲಯದ ಕೈಯಲ್ಲಿವೆ, ಕಾಲೇಜು ಆಡಳಿತ ಮಂಡಳಿಯ ಕೈಯಲ್ಲಿದೆ. ನಡುವೆ ನಿಂತವನಿಗೆ ಉಳಿಯುವುದು ತರಗತಿಯ ಗಂಟೆ. ಸಂಲಗ್ನ ಕಾಲೇಜುಗಳಲ್ಲಿ ಪಾಠ ಮಾಡಿದ ಯಾರಿಗೂ ಈ ಚಿತ್ರ ಅಪರಿಚಿತವಲ್ಲ. ಅದರ ವಿವರಗಳ ಬಗ್ಗೆ ನನ್ನ ತಕರಾರಿಲ್ಲ. ಭಿನ್ನಮತವಿರುವುದು ಅಳತೆಗೋಲಿನ ಬಗ್ಗೆ. ಗುರು ಎಂದೊಡನೆ ಎದುರಿಗೆ ಶಿಷ್ಯ ಬಂದು ಕೂರುತ್ತಾನೆ. ಪಕ್ಕದಲ್ಲಿ ಇನ್ನೊಬ್ಬ ಗುರುವಿಗೆ ಜಾಗವೇ ಇರುವುದಿಲ್ಲ. ಅಧ್ಯಾಪಕರಿಗೆ ಅಧ್ಯಾಪಕರು ಏನಾಗುತ್ತಾರೆ ಎಂಬ ಪ್ರಶ್ನೆ ಈ ಅಳತೆಗೆ ಸಿಕ್ಕುವುದಿಲ್ಲ.

ಆ ಪ್ರಶ್ನೆಯನ್ನು ಕೇಳಬಹುದಾದ ಒಂದು ಜಾಗ ಅಧ್ಯಾಪಕರೇ ಶಿಬಿರಾರ್ಥಿಗಳಾಗುವ ಪುನಶ್ಚೇತನ ಶಿಬಿರ. ಈ ಶಿಬಿರಗಳ ಇತಿಹಾಸದಲ್ಲಿ ವಿವಾದ ಕಡಿಮೆ. ಕೊಠಾರಿ ಆಯೋಗ (1964–66) ಸೇವೆಯಲ್ಲಿದ್ದೇ ಪಡೆಯುವ ತರಬೇತಿಗೆ ಒತ್ತು ಕೊಟ್ಟಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ, 1987ರಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದವು. 2015ರಲ್ಲಿ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. ಈಗ ಮದನಮೋಹನ ಮಾಳವೀಯರ ಹೆಸರು ಹೊತ್ತಿವೆ. ಹೊಸಬರಿಗೆ ಓರಿಯಂಟೇಶನ್, ಅನುಭವಿಗಳಿಗೆ ರಿಫ್ರೆಶರ್. ಎರಡೂ ಬಡ್ತಿಗೆ ತಳುಕು ಹಾಕಿಕೊಂಡಿವೆ. ಕನ್ನಡದಲ್ಲಿ ರಿಫ್ರೆಶರ್ ‘ಪುನಶ್ಚೇತನ’ವಾಯಿತು, ಮರಾಠಿಯಲ್ಲಿ ‘ಉಜಳಣಿ ವರ್ಗ’. ಠಾಕುರ್ಲಿಯಲ್ಲಿ ಡೊಂಬಿವಲಿ ಕರ್ನಾಟಕ ಸಂಘ ನಡೆಸುವ ಮಂಜುನಾಥ ವಾಣಿಜ್ಯ ಕಾಲೇಜಿನಂಥ ಕಡೆ ಎರಡೂ ಮಾತು ಕಿವಿಗೆ ಬೀಳುವುದು ಸಹಜ. ಉಜಳಣಿ ಎಂದರೆ ಕಲಿತದ್ದನ್ನು ಮತ್ತೆ ತಿರುವಿಹಾಕುವುದು; ಅದನ್ನು ಒಬ್ಬರೇ ಕೂತು ಮಾಡಬಹುದು. ಚೇತನ ಮರಳುವುದಕ್ಕೆ ಮತ್ತೊಬ್ಬರು ಬೇಕು. ನಮ್ಮ ಕನ್ನಡದ ಪದ ಹೆಚ್ಚಿನದನ್ನು ಕೇಳುತ್ತದೆ, ಅಷ್ಟೇ ಸರಿಯಾದದ್ದನ್ನೂ ಕೇಳುತ್ತದೆ ಎಂದು ನನಗನ್ನಿಸುತ್ತದೆ.

ನಿಜವಾದ ಜಗಳ ಲೆಕ್ಕದಲ್ಲಿದೆ. ಮೂಲ ಯೋಜನೆಯಲ್ಲಿ ಓರಿಯಂಟೇಶನ್ ನಾಲ್ಕು ವಾರದ್ದು: ಭಾನುವಾರ ಬಿಟ್ಟು 24 ದಿನ, ದಿನಕ್ಕೆ ಆರು ಗಂಟೆ, ಒಟ್ಟು 144. ರಿಫ್ರೆಶರ್ ಮೂರು ವಾರದ್ದು: 18 ದಿನ, 108 ಗಂಟೆ. ಈಗ 2018ರ ನವೆಂಬರಿನಲ್ಲಿ ‘ಸ್ವಯಂ’ ಜಾಲತಾಣದ ಮೂಲಕ ಆರಂಭವಾದ ‘ಅರ್ಪಿತ್’ ಎಂಬ ಅಧ್ಯಾಪಕರ ಆನ್‌ಲೈನ್ ತರಬೇತಿ ಯೋಜನೆಯನ್ನು ಇದರ ಪಕ್ಕದಲ್ಲಿಡೋಣ. 20 ಗಂಟೆ ವಿಡಿಯೋ, 20 ಗಂಟೆ ಇತರ ಸಾಮಗ್ರಿ, ಕೊನೆಗೊಂದು ಪರೀಕ್ಷೆ. ಈ 40 ಗಂಟೆಯನ್ನು ಬಡ್ತಿಯ ಲೆಕ್ಕದಲ್ಲಿ ಒಂದು ರಿಫ್ರೆಶರಿಗೆ ಸಮ ಎಂದು ಪರಿಗಣಿಸಲಾಯಿತು. ಹಾಗಾದರೆ ಮಿಕ್ಕ 68 ಗಂಟೆ ಏನಾಗಿತ್ತು?

ಹೋಲಿಕೆಯನ್ನು ಹಿಗ್ಗಿಸಬಾರದು. ಅಷ್ಟರಲ್ಲಿ ರಿಫ್ರೆಶರೇ ಎರಡು ವಾರಕ್ಕೆ ಇಳಿದಿತ್ತು; ಹಳೆಯ ದಿನಚರಿಯಲ್ಲಿ 12 ದಿನವೆಂದು ಹಿಡಿದರೆ 72 ಗಂಟೆ, ಕೊರತೆ 32ಕ್ಕೆ ಬರುತ್ತದೆ. ಧ್ವನಿಮುದ್ರಿತ ಉಪನ್ಯಾಸದಲ್ಲಿ ಪುನರುಕ್ತಿಯೂ ಕಡಿಮೆ. ಇಷ್ಟೆಲ್ಲ ಕಳೆದ ಮೇಲೂ ಉಳಿಯುವ ಅಂತರಕ್ಕೆ ಎರಡೇ ಉತ್ತರ: ಆ ಗಂಟೆಗಳು ವ್ಯರ್ಥವಾಗುತ್ತಿದ್ದವು, ಇಲ್ಲವೇ ಅವುಗಳಲ್ಲಿ ಆಗುತ್ತಿದ್ದ ಯಾವುದೋ ಕೆಲಸಕ್ಕೆ ನಿಯಮದಲ್ಲಿ ಹೆಸರಿರಲಿಲ್ಲ. ನಾನು ಎರಡನೆಯದರ ಪಕ್ಷ. ಏಕೆಂದರೆ ದಿನಕ್ಕೆ ಆರು ಗಂಟೆಯ ಈ ಲೆಕ್ಕದಲ್ಲಿ ಹಗಲು ಮಾತ್ರ ಇದೆ, ಶಿಬಿರದ ಇರುಳು ಇಲ್ಲ.

ಇದರ ಅರ್ಥ ಶಹಾಡಿನಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಕಸಾರಾ ಮಾರ್ಗದಲ್ಲಿ ಕಲ್ಯಾಣ ದಾಟಿದೊಡನೆ ಸಿಗುವ ನಿಲ್ದಾಣ ಇದು. ಸೆಂಚುರಿ ರೇಯಾನ್ ಕಾರ್ಖಾನೆಯ ಊರು. ಒಂದು ಬದಿಗೆ ಉಲ್ಹಾಸನಗರದ ಕಾಲೇಜುಗಳು, ಇನ್ನೊಂದು ಬದಿಗೆ ಕಲ್ಯಾಣದ ಬಿರ್ಲಾ ಕಾಲೇಜು. ಇಲ್ಲಿನ ಅಧ್ಯಾಪಕಿ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದ ಶಿಬಿರಕ್ಕೆ ಹೋಗಬೇಕಾದರೆ ಕುರ್ಲಾದವರೆಗೆ ಸುಮಾರು 40 ಕಿ.ಮೀ. ಲೋಕಲ್, ಆಮೇಲೆ ಬಸ್ಸೋ ರಿಕ್ಷಾವೋ. ಆದರೂ ಆಕೆ ‘ಸ್ಥಳೀಯರು’. ಕೊಲ್ಲಾಪುರದಿಂದಲೋ ಕಲಬುರಗಿಯಿಂದಲೋ ಬಂದವರು ಅತಿಥಿಗೃಹದಲ್ಲಿ ತಂಗುತ್ತಾರೆ. ಆಕೆ ಸಂಜೆಯ ಗಾಡಿ ಹಿಡಿಯುತ್ತಾಳೆ. ಪ್ರಮಾಣಪತ್ರ ಇಬ್ಬರಿಗೂ ಒಂದೇ. ಆದರೆ ಊಟದ ನಂತರ ‘ನಿಮ್ಮಲ್ಲಿ ಎರಡನೇ ವರ್ಷದವರಿಗೆ ಇದನ್ನು ಹೇಗೆ ಹೇಳಿಕೊಡುತ್ತೀರಿ’ ಎಂದು ಒಬ್ಬರು ಇನ್ನೊಬ್ಬರನ್ನು ಕೇಳುವ ಹೊತ್ತಿಗೆ ಆಕೆ ಠಾಣೆ ದಾಟಿರುತ್ತಾಳೆ. ಕಾಲೇಜಿನ ಸ್ಟಾಫ್‌ರೂಮಿನಲ್ಲೂ ಹೀಗೇ: ಗಾಡಿಯ ವೇಳೆಗೆ ಸರಿಯಾಗಿ ಅದು ಖಾಲಿಯಾಗುತ್ತದೆ. ಆದ್ದರಿಂದ ನನ್ನ ವಾದ ಇಷ್ಟು: ಈ ಸೀಮೆಯ ಮಟ್ಟಿಗೆ, ಹೆಚ್ಚಾಗಿ ಮಾನವಿಕ ಮತ್ತು ಭಾಷಾ ವಿಷಯಗಳ ಮಟ್ಟಿಗೆ, ಒಟ್ಟಿಗೆ ತಂಗುವುದೇ ಶಿಬಿರದ ಪ್ರಧಾನ ಪಠ್ಯವಾಗಿರಬಹುದು. ಹೊಸ ಉಪಕರಣ, ಹೊಸ ತಂತ್ರಾಂಶ ಕಲಿಸುವ ಶಿಬಿರಗಳಿಗೆ ಈ ಮಾತನ್ನು ನಾನು ವಿಸ್ತರಿಸುವುದಿಲ್ಲ.

ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದ ನಿದರ್ಶನ ಇಲ್ಲಿ ಒದಗಿಬರುತ್ತದೆ. ಕೆ.ವಿ. ಸುಬ್ಬಣ್ಣ ಕಟ್ಟಿದ ಆ ಪರಂಪರೆಯಲ್ಲಿ ಹಗಲು ಉಪನ್ಯಾಸ, ಸಂಜೆ ನಾಟಕ, ಮರುದಿನ ಅದರ ಮೇಲೆ ಚರ್ಚೆ. ಶಿಬಿರಾರ್ಥಿಗಳಲ್ಲಿ ಕಾಲೇಜು ಅಧ್ಯಾಪಕರೂ ಇರುತ್ತಾರೆ. ಅಲ್ಲಿ ಇರುಳು ಪಠ್ಯದ ಹೊರಗಿಲ್ಲ. ಆದರೆ ಹೆಗ್ಗೋಡಿಗೆ ಹೋಗುವವರು ಇಷ್ಟಪಟ್ಟು ಹೋಗುವವರು; ಬಡ್ತಿಗಾಗಿ ಬಂದವರ ಗುಂಪಿನಲ್ಲಿ ಅದೇ ಫಲ ಸಿಕ್ಕೀತೆಂದು ಈ ಒಂದು ನಿದರ್ಶನದಿಂದ ಸಾಧಿಸಲಾಗದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ವಸತಿಯನ್ನು ಕಡ್ಡಾಯ ಮಾಡಿದರೆ ಮೊದಲು ಹೊರಗುಳಿಯುವವರು ಯಾರು? ಎಳೆಯ ಮಕ್ಕಳ ತಾಯಂದಿರು, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರು. ಮಹಾರಾಷ್ಟ್ರದಲ್ಲಿ ‘ತಾಸಿಕಾ ತತ್ತ್ವ’ದ ಮೇಲೆ, ಅಂದರೆ ಪಾಠದ ಗಂಟೆಗಿಷ್ಟು ಎಂಬ ಸಂಬಳಕ್ಕೆ ದುಡಿಯುವವರಿಗೆ ಎರಡು ವಾರದ ಶಿಬಿರವೆಂದರೂ ಎರಡು ವಾರದ ಕೂಲಿ ಹೋದಂತೆ. ಅವರಿಗೆ ‘ಅರ್ಪಿತ್’ ತೆರೆದ ಬಾಗಿಲು ನಿಜವಾದ ಬಾಗಿಲೇ. ಅದನ್ನು ಮುಚ್ಚಬೇಕೆಂದು ನಾನು ಹೇಳಲಾರೆ. ಹೇಳುವುದು ಇಷ್ಟೇ: ಎರಡು ಬಾಗಿಲೂ ಒಂದೇ ಕೋಣೆಗೆ ಹೋಗುತ್ತವೆ ಎಂಬ ನಿಯಮದ ಊಹೆಯನ್ನು ಪರೀಕ್ಷಿಸಬೇಕು.

ಪರೀಕ್ಷೆ ಕಷ್ಟದ್ದೇನಲ್ಲ. ಒಂದೇ ತಂಡದಲ್ಲಿ ತಂಗಿದವರನ್ನೂ ಮನೆಗೆ ಮರಳಿದವರನ್ನೂ ಕೆಲವು ವರ್ಷಗಳ ಮೇಲೆ ಕೇಳಬೇಕು: ಆ ಶಿಬಿರದಲ್ಲಿ ಪರಿಚಯವಾದ ಯಾರಿಗಾದರೂ ನಿಮ್ಮ ಪ್ರಶ್ನೆಪತ್ರಿಕೆಯನ್ನೋ ಪಾಠದ ಟಿಪ್ಪಣಿಯನ್ನೋ ಈಚೆಗೆ ತೋರಿಸಿದ್ದೀರಾ? ಕಲೀನಾದ ಬದಲು ಕಲ್ಯಾಣದಲ್ಲೇ ಮೂರು ರಾತ್ರಿಯ ಕಿರು ಶಿಬಿರ ನಡೆದರೆ ಮನೆ ಬಿಡಲಾಗದವರಲ್ಲಿ ಎಷ್ಟು ಮಂದಿ ಬಂದಾರು, ಮನೆ ಇಷ್ಟು ಹತ್ತಿರವಿದ್ದರೆ ಬಂದವರು ರಾತ್ರಿ ಉಳಿದಾರೇ ಎಂಬುದು ಅದರ ಮುಂದಿನ ಪ್ರಶ್ನೆ.