ರಾಜಪಾರಡಿಯ ರೈಲು ನಿಲ್ದಾಣ

ಗುಜರಾತ್ ಎಂದರೆ ನಮ್ಮ ಕಡೆಯವರಿಗೆ ಅಹಮದಾಬಾದಿನ ಗಿರಣಿ, ಬರೋಡದ ಅರಮನೆ, ಸೂರತ್ತಿನ ಸೀರೆ. ಬ್ಯಾಂಕಿನ ವರ್ಗಾವಣೆಯ ಪುಣ್ಯದಿಂದ ಈ ಮೂರೂ ಊರುಗಳ ಅನ್ನ ಉಂಡವನು ನಾನು. ಸೀರೆಗೆ ಬಣ್ಣ ಹಾಕುವ ಕಾರ್ಖಾನೆಯ ಬಾಯ್ಲರಿಗೆ ಬೆಂಕಿ ಎಲ್ಲಿಂದ ಬರುತ್ತೆ ಅನ್ನೋದು ಮಾತ್ರ ಸಾಲದ ಅರ್ಜಿಗಳನ್ನು ಓದುವಾಗಲೇ ತಿಳಿದದ್ದು. ಬರೋಡ, ಸೂರತ್ತಿನ ನಡುವೆ ಭರೂಚ್ ಜಿಲ್ಲೆಯಲ್ಲಿ ರಾಜಪಾರಡಿ ಎಂಬ ಊರಿದೆ. ಅಲ್ಲಿ ಲಿಗ್ನೈಟ್, ಅಂದರೆ ಕಂದು ಕಲ್ಲಿದ್ದಲು ಸಿಗುತ್ತದೆ. ಅಲ್ಲೇ ಒಂದು ರೈಲು ನಿಲ್ದಾಣವೂ ಇದೆ. ಆದರೆ ಇವೆರಡಕ್ಕೂ ನಂಟು ಕೂಡಿಬರಲಿಲ್ಲ.

ಈ ರೈಲುದಾರಿ ರಾಜಪೀಪಳಾ ಸಂಸ್ಥಾನದ್ದು. ಮಹಾರಾಣಾ ಛತ್ರಸಿಂಹಜಿ ಪಟ್ಟಕ್ಕೆ ಬಂದ 1897ರಲ್ಲೇ ಕೆಲಸ ಶುರುವಾಯಿತು. ಅಂಕಲೇಶ್ವರದಿಂದ ರಾಜಧಾನಿಗೆ ಸುಮಾರು 60 ಕಿ.ಮೀ., ಎರಡೂವರೆ ಅಡಿ ಅಗಲದ ಹಳಿ, ಖರ್ಚು 13 ಲಕ್ಷ ರೂಪಾಯಿ. ಇವತ್ತು ಒಂದು ದೊಡ್ಡ ಲಾರಿಗೇ ಅದಕ್ಕಿಂತ ಹೆಚ್ಚು ಬೀಳುತ್ತೆ! ಕಾಡಿನ ಮರ, ಬಯಲಿನ ಹತ್ತಿ ಇದ್ದ ಸೀಮೆ ಅದು. ಪಕ್ಕದ ರತನಪುರದ ಅಕೀಕ್ ಕಲ್ಲು ಖಂಭಾತಿನ ಮಣಿಗಾರರಿಗೆ ಶತಮಾನಗಳಿಂದ ಹೋಗುತ್ತಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ರೈಲು ಮುಂದೆ ಪಶ್ಚಿಮ ರೈಲ್ವೆಯ ಪಾಲಾಯಿತು.

ಗುಜರಾತ್ ಖನಿಜ ಅಭಿವೃದ್ಧಿ ನಿಗಮ ಇಲ್ಲಿ ಲಿಗ್ನೈಟ್ ತೆಗೆಯತೊಡಗಿದ ಮೇಲೆ ನಿಲ್ದಾಣಕ್ಕೆ ಒಳ್ಳೆ ಕಾಲ ಬರಬೇಕಿತ್ತಲ್ಲವೇ? ಬರಲಿಲ್ಲ. ಕಾರಣ ಸರಳ. ಸಣ್ಣ ಹಳಿಯ ವ್ಯಾಗನ್ನಿನ ಸರಕನ್ನು ಅಂಕಲೇಶ್ವರದಲ್ಲಿ ಇಳಿಸಿ ದೊಡ್ಡ ಹಳಿಯ ವ್ಯಾಗನ್ನಿಗೆ ತುಂಬಬೇಕು. ಸೂರತ್ತಿನಲ್ಲಿ ಮತ್ತೆ ಇಳಿಸಿ ಲಾರಿಗೆ ಏರಿಸಬೇಕು. ಲಿಗ್ನೈಟ್ ಸೂಕ್ಷ್ಮದ ಮಾಲು. ತೇವ ಆರಿದರೆ ಪುಡಿಯಾಗುತ್ತೆ, ಬಹಳ ದಿನ ರಾಶಿ ಹಾಕಿಟ್ಟರೆ ತಾನಾಗಿ ಹೊತ್ತಿಕೊಳ್ಳುತ್ತೆ. ಲಾರಿಯಾದರೋ ಗಣಿಯ ಬಾಯಿಂದ ಬಾಯ್ಲರಿನ ಬಾಗಿಲಿಗೇ ಹೋಗಿ ನಿಲ್ಲುತ್ತದೆ. ನಾವು ಬ್ಯಾಂಕಿನವರು ಸಾಲ ಕೊಟ್ಟದ್ದೂ ಲಾರಿಗೇ. 2010ರ ದಶಕದಲ್ಲಿ ದೊಡ್ಡ ಹಳಿ ಬಂತು. ಅಷ್ಟರಲ್ಲಿ ಸರಕಿನ ಜೊತೆ ಜನರೂ ರಸ್ತೆಗೆ ಒಗ್ಗಿಹೋಗಿದ್ದರು. 2020ರಲ್ಲಿ ಪ್ಯಾಸೆಂಜರ್ ಗಾಡಿಯೂ ನಿಂತಿತು.

ನಮ್ಮ ಕೋಲಾರದ ಚಿನ್ನದ ಗಣಿಯ ಕಥೆ ಇದರ ತಿರುವುಮುರುವು. ಗಣಿಗಾಗಿಯೇ 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ರೈಲು ನಿಲ್ಲಲಿಲ್ಲ, ಕೆಲಸಕ್ಕೆ ಬೆಂಗಳೂರಿಗೆ ಹೋಗಿಬರುವ ಜನ ಅದನ್ನು ಉಳಿಸಿಕೊಂಡರು. ಅಲ್ಲಿ ಗಣಿ ಹೋಗಿ ರೈಲು ಉಳಿಯಿತು, ಇಲ್ಲಿ ಗಣಿ ಉಳಿದು ರೈಲು ಹೋಯಿತು. ನಿಲ್ದಾಣವನ್ನು ಬದುಕಿಸುವುದು ನೆಲದೊಳಗಿನ ಸಂಪತ್ತಲ್ಲ, ದಿನಾ ಬೆಳಗ್ಗೆ ಟಿಕೆಟ್ ಕೊಳ್ಳುವ ಕೈಗಳು.

ಅಂಥ ಕೈಗಳು ರಾಜಪಾರಡಿಯಲ್ಲೂ ಇದ್ದವು. ಸುತ್ತಲಿನ ಹಳ್ಳಿಗಳ ಆದಿವಾಸಿಗಳಿಗೆ ಪ್ಯಾಸೆಂಜರ್ ಗಾಡಿಯೇ ಅಗ್ಗದ ಪ್ರಯಾಣ. ಲಾರಿ ಸಾಲದ ಕಂತು ತಪ್ಪಿದರೆ ಬರೆದಿಡಲು ನಮ್ಮಲ್ಲಿ ಲೆಡ್ಜರ್ ಇತ್ತು. ಅಗ್ಗದ ಟಿಕೆಟ್ ಕಳಕೊಂಡವರ ನಷ್ಟ ಬರೆಯಲು ಯಾವ ಆಫೀಸಿನಲ್ಲೂ ಒಂದು ಕಾಲಂ ಇಲ್ಲ.