ಮಾಯ್ದ ಗಾಯ, ಆರದ ಉರಿ

ಕೈಗೆ ಪೆಟ್ಟಾಯಿತು, ಗಾಯವೂ ಮಾಯಿತು. ಆದರೆ ತಿಂಗಳುಗಳು ಕಳೆದರೂ ಕೈ ಕೆಂಡದ ಮೇಲಿಟ್ಟಂತೆ ಉರಿಯುತ್ತಿದೆ. "ಗಾಯವೇ ಇಲ್ಲ, ನೋವೆಲ್ಲಿಯದು?" ಎಂದು ಸುತ್ತಲಿನವರು ಕೇಳುತ್ತಾರೆ. ವೈದ್ಯವಿಜ್ಞಾನ ಇದಕ್ಕೆ ಉತ್ತರ ಹುಡುಕಿದ ಬಗೆಯನ್ನು ತಿಳಿಯಲು ನಾವು ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಹೋಗಬೇಕು.

1861ರಿಂದ 1865ರವರೆಗೆ ನಡೆದ ಆ ಯುದ್ಧದಲ್ಲಿ ನರಗಳಿಗೆ ಪೆಟ್ಟುಬಿದ್ದ ಸೈನಿಕರನ್ನು ಫಿಲಡೆಲ್ಫಿಯ ನಗರದ ಟರ್ನರ್ಸ್ ಲೇನ್ ಆಸ್ಪತ್ರೆಗೆ ಕಳುಹಿಸುತ್ತಿದ್ದರು. ಸೈಲಾಸ್ ವಿಯರ್ ಮಿಚೆಲ್, ಜಾರ್ಜ್ ಮೋರ್‌ಹೌಸ್ ಮತ್ತು ವಿಲಿಯಂ ಕೀನ್ ಅಲ್ಲಿನ ವೈದ್ಯರು. ಕೆಲವು ರೋಗಿಗಳ ಚರ್ಮ ಕೆಂಪಾಗಿ, ನುಣುಪಾಗಿ ಹೊಳೆಯುತ್ತಿತ್ತು. ಗಾಳಿ ಸೋಕಿದರೆ, ಪಕ್ಕದಲ್ಲಿ ಯಾರಾದರೂ ಪತ್ರಿಕೆ ಮಡಚಿದರೆ ಸಾಕು, ನೋವು ಹೆಚ್ಚುತ್ತಿತ್ತು. ಉರಿ ತಾಳಲಾರದೆ ಅವರು ಒದ್ದೆಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಬೂಟಿನೊಳಗೆ ನೀರು ಸುರಿದುಕೊಂಡವರೂ ಉಂಟು.

ಸೇವೆಯಿಂದ ತಪ್ಪಿಸಿಕೊಳ್ಳಲು ಕಾಯಿಲೆಯ ನೆಪ ಹೂಡುವವರೂ ಸೈನ್ಯದಲ್ಲಿದ್ದರು. ಅವರನ್ನು ಪತ್ತೆ ಹಚ್ಚುವುದು ಹೇಗೆಂದು ಇದೇ ಮೂವರು 1864ರಲ್ಲಿ ಲೇಖನ ಬರೆದರು. ಅದೇ ವರ್ಷ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ಉರಿನೋವನ್ನು ನಿಜವೆಂದು ದಾಖಲಿಸಿದರು. ನೆಪವನ್ನು ಹಿಡಿಯಬಲ್ಲವರೇ ನೋವನ್ನು ನಂಬಿದರೆಂಬುದು ಗಮನಾರ್ಹ. ಮುಂದೆ ಮಿಚೆಲ್ ಇದನ್ನು 'ಕಾಸಾಲ್ಜಿಯ' ಎಂದು ಕರೆದರು. ಗ್ರೀಕ್ ಮೂಲದ ಈ ಪದಕ್ಕೆ ಉರಿಯುವ ನೋವು ಎಂದೇ ಅರ್ಥ. ತಣ್ಣೀರು ಮತ್ತು ಮಾರ್ಫೀನ್ ಚುಚ್ಚುಮದ್ದು ಅಂದಿನ ಮುಖ್ಯ ಆಸರೆಗಳಾಗಿದ್ದವು.

ಗಾಯವಿಲ್ಲದೆ ನೋವು ಹೇಗೆ? ಪೆಟ್ಟುಬಿದ್ದ ನರ ತಾನಾಗಿಯೇ ನೋವಿನ ಸಂಕೇತಗಳನ್ನು ಕಳುಹಿಸಬಲ್ಲದು. ಅವುಗಳಿಂದ ಬೆನ್ನುಹುರಿ ಮತ್ತು ಮಿದುಳು ಎಷ್ಟು ಸೂಕ್ಷ್ಮವಾಗುತ್ತವೆಂದರೆ, ಬಟ್ಟೆಯ ಸ್ಪರ್ಶವೂ ನೋವಾಗುತ್ತದೆ. ರಕ್ತನಾಳಗಳನ್ನು ನಿಯಂತ್ರಿಸುವ ನರಗಳ ಪಾತ್ರವೂ ಇದರಲ್ಲಿರಬಹುದೆಂದು ಊಹಿಸಿ, ಫ್ರಾನ್ಸಿನ ರೆನೆ ಲೆರಿಷ್ 1916ರಲ್ಲಿ ಆ ನರಗಳ ಮೇಲೆ ಶಸ್ತ್ರಚಿಕಿತ್ಸೆಯನ್ನು ವರದಿ ಮಾಡಿದರು. ಆದರೆ ಎಲ್ಲ ರೋಗಿಗಳಿಗೂ ಅದು ಪರಿಹಾರವಾಗಲಿಲ್ಲ.

1994ರಲ್ಲಿ ಇಂಥ ನೋವುಗಳಿಗೆ 'ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್' ಎಂಬ ಹೆಸರು ಬಂದಿತು. ನರಕ್ಕೆ ಪೆಟ್ಟಾದುದು ಖಚಿತವಿರುವ ಕಾಸಾಲ್ಜಿಯ ಅದರ ಎರಡನೆಯ ಬಗೆಯಾಯಿತು. 2003ರಲ್ಲಿ ಬುಡಾಪೆಸ್ಟ್‌ನಲ್ಲಿ ಸೇರಿದ ತಜ್ಞರು ರೋಗನಿರ್ಣಯಕ್ಕೆ ಸೂತ್ರಗಳನ್ನು ರೂಪಿಸಿದರು. ಸ್ಪರ್ಶದ ಅತಿಸೂಕ್ಷ್ಮತೆ, ಚರ್ಮದ ಬಣ್ಣ ಮತ್ತು ಉಷ್ಣತೆಯ ವ್ಯತ್ಯಾಸ, ಬಾವು ಮತ್ತು ಬೆವರು, ಚಲನೆ ಹಾಗೂ ಉಗುರು ಕೂದಲುಗಳ ಬದಲಾವಣೆ ಇವುಗಳನ್ನು ವೈದ್ಯರು ಪರೀಕ್ಷಿಸುತ್ತಾರೆ. ಬೇರೆ ಕಾಯಿಲೆಯಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಇದನ್ನು ತಾನೊಂದೇ ಸಾಬೀತು ಮಾಡುವ ರಕ್ತಪರೀಕ್ಷೆಯಾಗಲಿ ಎಕ್ಸ್‌ರೇ ಆಗಲಿ ಇಲ್ಲ. ಆರಂಭದಲ್ಲೇ ಅಂಗಕ್ಕೆ ಮೆಲ್ಲನೆ ಚಲನೆ ಕೊಡುವ ಫಿಜಿಯೋಥೆರಪಿ ಚಿಕಿತ್ಸೆಯ ತಳಹದಿ. ನರದ ನೋವು ತಗ್ಗಿಸುವ ಔಷಧಿಗಳು ಅದಕ್ಕೆ ನೆರವಾಗುತ್ತವೆ.

ನಿಮ್ಮ ಗೆಳೆಯನೊಬ್ಬ ಪ್ಲಾಸ್ಟರ್ ತೆಗೆಸಿದ ಮೇಲೂ ಕೈ ಉರಿಯುತ್ತದೆ ಎಂದರೆ ನಗಬೇಡಿ. ಅವನನ್ನು ಬೇಗ ವೈದ್ಯರ ಬಳಿಗೆ ಕರೆದೊಯ್ಯಿರಿ. ಟರ್ನರ್ಸ್ ಲೇನ್‌ನಲ್ಲಿಯೂ ಚಿಕಿತ್ಸೆ ಆರಂಭವಾದದ್ದು ರೋಗಿಯ ಮಾತನ್ನು ಕೇಳುವುದರಿಂದಲೇ.