ಗಾಂಜಾ: ಅಂದು ಸರ್ಕಾರಕ್ಕೆ ಆದಾಯ, ಇಂದು ರೈತನಿಗೆ ಜೈಲು



ಸೊಲ್ಲಾಪುರ, ಅಕ್ಕಲಕೋಟೆ ಭಾಗದ ನಮಗೆ ಈ ಸುದ್ದಿ ಹೊಸದಲ್ಲ: ಕಬ್ಬು ಇಲ್ಲವೇ ತೊಗರಿಯ ನಡುವೆ ಗಾಂಜಾ ಬೆಳೆದ ರೈತನ ಬಂಧನ! "ಸರ್, ಇದು ಯಾವಾಗಿನಿಂದ ಅಪರಾಧ?" ಎಂದು ಮಕ್ಕಳು ಕೇಳಿದರೆ ಏನು ಹೇಳೋಣ?

ಮೊದಲು ಗಿಡದ ಪರಿಚಯ. ಇದರ ಎಲೆ ಭಂಗಿ ಸೊಪ್ಪು, ಹೆಣ್ಣು ಗಿಡದ ಹೂಗೊನೆ ಗಾಂಜಾ, ಅಂಟು ಚರಸ್. ನಾವು ಪಲ್ಯ ಮಾಡುವ ಪುಂಡಿಯ ಎಲೆಯೂ ನೋಡಲು ಸ್ವಲ್ಪ ಹೀಗೇ ಇರುತ್ತದೆ. ಅದಕ್ಕೇ ಪುಂಡಿಯ ಶಾಸ್ತ್ರೀಯ ಹೆಸರು ಹಿಬಿಸ್ಕಸ್ ಕ್ಯಾನಬಿನಸ್. ಆದರೆ ಪುಂಡಿಯಲ್ಲಿ ಮತ್ತು ಇಲ್ಲ!

ಬ್ರಿಟಿಷರ ಕಾಲದಲ್ಲಿ ಸೊಲ್ಲಾಪುರ ಮುಂಬಯಿ ಪ್ರಾಂತದ ಜಿಲ್ಲೆ. ಅಕ್ಕಲಕೋಟೆ 1948ರವರೆಗೆ ಭೋಸಲೆ ಮನೆತನದ ಸಂಸ್ಥಾನ. ಪ್ರಾಂತದಲ್ಲಿ ಗಾಂಜಾ ಬೆಳೆಗೆ ಹೆಸರಾಗಿದ್ದುದು ನೆರೆಯ ಅಹಮದನಗರ, ಅಂದರೆ ಇಂದಿನ ಅಹಿಲ್ಯಾನಗರ. ಆಗ ಗಾಂಜಾ ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಮಾರಾಟವಾಗುತ್ತಿತ್ತು, ಸರ್ಕಾರಕ್ಕೆ ತೆರಿಗೆ ಬರುತ್ತಿತ್ತು.

ಗಾಂಜಾ ಸೇದಿದವರಿಗೆ ಹುಚ್ಚು ಹಿಡಿಯುತ್ತದೆ, ನಿಷೇಧಿಸಿ ಎಂಬ ಕೂಗು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಎದ್ದಾಗ, 1893ರಲ್ಲಿ ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯಲ್ಲಿ ಒಂದು ಆಯೋಗ ನೇಮಕವಾಯಿತು. ಅದು 1193 ಸಾಕ್ಷಿಗಳ ಹೇಳಿಕೆ ಪಡೆಯಿತು. ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಕಾರಣ 'ಗಾಂಜಾ' ಎಂದು ಬರೆದಿದ್ದ ಎಷ್ಟೋ ಕಡೆ ಅದಕ್ಕೆ ಸರಿಯಾದ ಆಧಾರವೇ ಇರಲಿಲ್ಲ! ಮಿತವಾದ ಬಳಕೆಯಿಂದ ಹೆಚ್ಚಿನ ಹಾನಿಯಿಲ್ಲ, ಅತಿಯಾದರೆ ಹಾನಿ. ನಿಷೇಧ ಬೇಡ, ತೆರಿಗೆ ಮತ್ತು ನಿಯಂತ್ರಣ ಸಾಕು ಎಂದು 1894ರಲ್ಲಿ ಆಯೋಗ ವರದಿ ಕೊಟ್ಟಿತು.

ಹಾಗಾದರೆ ಕಾನೂನು ಬದಲಾದದ್ದು ಯಾವಾಗ? 1961ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಗಾಂಜಾ ಕೂಡ ಸೇರಿತು. ಅದರ ಹಿನ್ನೆಲೆಯಲ್ಲಿ ಭಾರತ 1985ರಲ್ಲಿ ಎನ್.ಡಿ.ಪಿ.ಎಸ್. ಕಾಯ್ದೆ ತಂದಿತು. ಅದರಂತೆ ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಆದರೆ ಕಾಯ್ದೆಯ 'ಗಾಂಜಾ' ಎಂಬ ವ್ಯಾಖ್ಯೆಯಲ್ಲಿ ಹೂಗೊನೆಯಿಂದ ಬೇರೆಯಾದ ಎಲೆ, ಬೀಜ ಬರುವುದಿಲ್ಲ. ಹೀಗಾಗಿ ಕೆಲವು ರಾಜ್ಯಗಳಲ್ಲಿ ಭಂಗಿ ಇಂದಿಗೂ ಲೈಸೆನ್ಸ್ ಅಂಗಡಿಯಲ್ಲಿ ಸಿಗುತ್ತದೆ.

ಕಾನೂನು ಬದಲಾದರೂ ರೂಢಿ ಬೇಗ ಬದಲಾಗುವುದಿಲ್ಲ. ಗಡಿಯಾಚೆ ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ದೇವಸ್ಥಾನದಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವುದರ ಬಗ್ಗೆ 2020ರಲ್ಲೂ ಪತ್ರಿಕೆಗಳು ಬರೆದವು.

ಹಿಂದೆ ಎಲ್ಲರೂ ಸೇದುತ್ತಿದ್ದರು, ಈಗೇನು ತಪ್ಪು ಎನ್ನುವವರಿದ್ದಾರೆ. ಒಮ್ಮೆ ಮುಟ್ಟಿದರೆ ಹುಚ್ಚೇ ಗತಿ ಎಂದು ಹೆದರಿಸುವವರೂ ಇದ್ದಾರೆ. ಎರಡೂ ಅರ್ಧ ಸತ್ಯ. ಬೆಳೆಯುವ ವಯಸ್ಸಿನ ಮಕ್ಕಳ ನೆನಪು, ಕಲಿಕೆಗೆ ಇದು ಮಾರಕ, ಕೆಲವರಲ್ಲಿ ಮನೋರೋಗದ ಅಪಾಯ ಹೆಚ್ಚುತ್ತದೆ ಎಂಬುದು ಇಂದಿನ ವೈದ್ಯರ ಮಾತು. ಇನ್ನು ಸಾಲ ತೀರಿಸುವ ಆಸೆಯಿಂದ ನಾಲ್ಕು ಗಿಡ ಹಚ್ಚಿದ ರೈತ ಜೈಲಿಗೆ ಹೋದರೆ ಹೊಲ ಬೀಳು ಬೀಳುತ್ತದೆ, ಮಗಳ ಶಾಲೆ ಬಿಡಿಸಬೇಕಾಗುತ್ತದೆ. ಪೂರ್ತಿ ಇತಿಹಾಸ ತಿಳಿದ ಮಗು ಮನೆಯಲ್ಲಿ ತಂದೆಗೆ "ಅಪ್ಪಾ, ಇದು ಬ್ಯಾಡ" ಎಂದು ಕಾರಣ ಸಹಿತ ಹೇಳಬಲ್ಲದು. ಅದಕ್ಕಾಗಿಯಾದರೂ ನಾವು ಈ ಪಾಠ ಮಾಡೋಣ.